ಹಾರ ತುರಾಯಿ

ಎದೆ ಸೀಳಿಸಿಕೊಂಡು ಬಂದವನಿಗೆ ಮರ್ಯಾದೆ ಜಾಸ್ತಿ ಎಂದು ನಂಬಿಬಿಟ್ಟೆ ನಾನು, ಮಂಕುದಿಣ್ಣೆ. ಸೋಂಪುರದ ಪೈಪ್ ಫ್ಯಾಕ್ಟರಿಯಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಲೇ ತಲೆ ನರೆತವನು. ಬೈಪಾಸ್ ಆದಮೇಲೆ ಡಾಕ್ಟರು, "ಭಾರ ಎತ್ತಬೇಡಿ, ಕೂತು ಗಾಡಿ ಓಡಿಸೋದಕ್ಕೆ ಅಡ್ಡಿಯಿಲ್ಲ" ಎಂದಿದ್ದರು. ಅದೊಂದು ಮಾತು ಹಿಡಿದುಕೊಂಡು ತಿಂಗಳುಗಟ್ಟಲೆ ಉಪ್ಪಿಲ್ಲದ ಸಾರಲ್ಲಿ ಮುದ್ದೆ ನುಂಗಿದೆ. ಆ ಸೀಟಿನ ಮೇಲೆ ಮತ್ತೆ ಕೂತರೆ ಮಾತ್ರ ಬದುಕಿದೆ ಅಂತ ಲೆಕ್ಕ.

ಸೂಪರ್‌ವೈಸರ್ ಮುನಿರಾಜ ನನ್ನ ಜೀವದ ಗೆಳೆಯ. ಆಪರೇಷನ್ನಿಗೆ ರಕ್ತ ಕೊಟ್ಟವನೂ ಅವನೇ. ಕೆಲಸಕ್ಕೆ ಹೋಗುವ ಹಿಂದಿನ ದಿನ ಫೋನು ಮಾಡಿದ.

"ನಾಳೆ ಬಂದ್ಬಿಡೋ ಬೈರ. ಪಿಳ್ಳಮ್ಮಕ್ಕನ್ನೂ ಕರ್ಕೊಂಡ್ಬಾ."

"ನನ್ ಡ್ಯೂಟಿಗೆ ಹೆಂಡ್ತಿ ಯಾಕೋ?"

"ಬಾ ಕಣೋ, ಗೊತ್ತಾಗ್ತದೆ."

ಕ್ಯಾಂಟೀನಿನಲ್ಲಿ ಕುರ್ಚಿ ಹಾಕಿದ್ದರು. ಪೇಟ ಇಟ್ಟರು, ಸುಗಂಧರಾಜದ ಹಾರ ಹಾಕಿದರು. ಶಾಲು ಹೊದಿಸಿದವನು ಮುನಿರಾಜನೇ. ಹೆಂಡತಿಯ ಕೈಗೆ ಹಣ್ಣಿನ ಬುಟ್ಟಿ ಬಂತು.

"ವಾಪಸ್ ಕೆಲ್ಸಕ್ಕೆ ಬಂದೋರ್ಗೆ ಇಷ್ಟೊಂದು ಮಾಡ್ತಾರಾ?" ಎಂದು ಅವಳು ನನ್ನ ಕಿವಿಯಲ್ಲಿ ಕೇಳಿದಳು. ನನಗೆ ಕಣ್ಣು ತುಂಬಿತ್ತು.

ಮ್ಯಾನೇಜರು ಮೈಕು ಹಿಡಿದರು. "ಅನಾರೋಗ್ಯದಿಂದ ತಾವಾಗೇ ಕೆಲಸ ಬಿಡ್ತಿರೋ ಬೈರಪ್ಪನವರ ವಿಶ್ರಾಂತ ಜೀವನ ಸುಖವಾಗಿರಲಿ."

ಅವರು ಪಕ್ಕದಲ್ಲಿ ಕೂತ ಮೇಲೆ ಮೆಲ್ಲಗೆ ಕೇಳಿದೆ. "ಸಾರ್, ನಾನು ಬಿಡ್ತೀನಿ ಅಂದೇ ಇಲ್ವಲ್ಲ."

"ಇನ್ನು ನನ್ ಕೈಲಾಗಲ್ಲ ಅಂದ್ರಂತಲ್ಲಪ್ಪಾ. ಮುನಿರಾಜೇ ಬಂದು ಹೇಳಿದ್ರು. ಆ ಜಾಗಕ್ಕೆ ಆಳೂ ತಗೊಂಡಾಯ್ತು."

ಹೊರಗೆ ನನ್ನ ಗಾಡಿ ರಿವರ್ಸ್ ಆಗುವ ಸದ್ದು. ಕಿಟಕಿಯಲ್ಲಿ ನೋಡಿದೆ. ಮುನಿರಾಜನ ಹೆಂಡತಿಯ ತಮ್ಮ ವಿಜಯ್ ಓಡಿಸುತ್ತಿದ್ದ, ನಾನು ಹೊಲಿಸಿ ಹಾಕಿದ್ದ ದಿಂಬಿನ ಮೇಲೆಯೇ ಕೂತು.

"ನಿನ್ ಒಳ್ಳೇದಕ್ಕೇ ಕಣೋ," ಎಂದ ಮುನಿರಾಜ, ನನ್ನ ಮುಖ ನೋಡದೆ. ಬೆನ್ನಿಗೆ ಚೂರಿ ಹಾಕಿ, ಮೇಲೆ ಶಾಲು ಬೇರೆ ಹೊದಿಸಿದ್ದಾನೆ ಅಯೋಗ್ಯ.

ಎರಡು ಮಾತಾಡಿ ಎಂದು ಮೈಕು ಕೊಟ್ಟರು.

"ಮುನಿರಾಜ, ನನ್ ಮೈಯಲ್ಲಿ ನಿನ್ ರಕ್ತ ಐತೆ. ಅದನ್ನ ವಾಪಸ್ ತಗೊಂಡು ನನ್ ಸೀಟು ನಂಗೆ ಕೊಡೋ."

ಪಿಳ್ಳಮ್ಮ ಬುಟ್ಟಿಯನ್ನು ನೆಲಕ್ಕಿಟ್ಟು ಎದ್ದು ನಿಂತಳು. ಹಿಂದೆ ಕೂತವರಿಗೆ ತಮಾಷೆ ಅನ್ನಿಸಿರಬೇಕು, ನಕ್ಕು ಚಪ್ಪಾಳೆ ತಟ್ಟಿದರು. ಮುನಿರಾಜನೂ ತಟ್ಟಿದ.