ಗಾಳಿಗೊಂದು ಸಾಣಿಗೆ

ಆ ಕಂಪ್ಯೂಟರು ಗೋಕಾಕದಲ್ಲಿ ಆರಾಮಾಗಿರುತ್ತಿತ್ತು. ಕಲ್ಲೋಳಿಗೆ ಬಂದಿತೆಂದರೆ ಜಡ್ಡು ಬೀಳುತ್ತಿತ್ತು.

“ತವರಮನಿಯಾಗ ಕುಣದಾಡ್ತೈತಿ, ಅತ್ತಿಮನಿಗೆ ಬಂದ್ರ ತಲಿಬ್ಯಾನಿ ಅಂತೈತಿ,” ಎಂದು ಆಬಾಸಾಹೇಬರು ಸೊಸೆಯ ಮುಂದೆಯೇ ಹೇಳಿ ನಗುತ್ತಿದ್ದರು.

ಸೊಸೆ ಶ್ರದ್ಧಾ ಸುಮ್ಮನಿರುವವಳಲ್ಲ. “ಅತ್ತಿಮನಿಯಾಗ ಅದಕ್ಕ ಏನ ತ್ರಾಸ ಐತಿ ಅಂತ ಯಾರರ ಕೇಳ್ಯಾರೇನ್ರಿ ಮಾವಾರ?” ಎನ್ನುತ್ತಿದ್ದಳು.

ಕಣಗಲಾದಿಂದ ಬಂದ ಸೊಸೆ ಅವಳು. ಮದುವೆಗೆ ಮೊದಲು ಹುಕ್ಕೇರಿಗೆ ಬಸ್ಸಿನಲ್ಲಿ ಹೋಗಿ ಕನ್ನಡ ಟೈಪಿಂಗ್ ಕಲಿತಿದ್ದಳು. ಗೋಕಾಕದಲ್ಲಿ ಒಂದು ಕಂಪ್ಯೂಟರ್ ಕ್ಲಾಸು ಮುಚ್ಚಿದಾಗ ಅಲ್ಲಿನ ಹಳೆಯ ಯಂತ್ರವೊಂದನ್ನು ಆಬಾಸಾಹೇಬರು ಎಮ್ಮೆ ಕೊಳ್ಳುವವರ ಹಾಗೆ ಸುತ್ತ ತಿರುಗಿ ನೋಡಿ, ತಟ್ಟಿ, ಚೌಕಾಸಿ ಮಾಡಿ ತಂದುಕೊಟ್ಟಿದ್ದರು. ಅದು 2002ರ ಮಾತು. ಪಡಸಾಲೆಯ ಮೂಲೆಯಲ್ಲಿ ಗೋಡೆಗೆ ಒತ್ತಿ ಮೇಜು ಹಾಕಿದರು. ಮೇಜಿನ ಕೆಳಗೆ ಡಬ್ಬಿ, ಮೇಲೆ ಪರದೆ. ಲಗ್ನಪತ್ರಿಕೆ, ಸೊಸೈಟಿಯ ನೋಟೀಸು, ಬಾಣಂತಿಯ ತೊಟ್ಟಿಲ ಕಾರ್ಡು ಅಂತ ಕೆಲಸ ಬರತೊಡಗಿತು. ಹಗಲು ಕರೆಂಟಿನ ಭರವಸೆ ಇಲ್ಲ. ಬಂದರೆ ಬಂತು. ಸಂಜೆಯದು ಮಾತ್ರ ನಂಬಿಗಸ್ತ. ಹಾಗಾಗಿ ಶ್ರದ್ಧಾಳ ಕೆಲಸವೆಲ್ಲ ದೀಪ ಹಚ್ಚುವ ಹೊತ್ತಿಗೇ ಶುರು.

ಒಂದು ಸಂಜೆ ಅತ್ತೆ ಜಿನ್ನವ್ವ ಬಂದು ಪಕ್ಕದಲ್ಲಿ ಕುಳಿತಳು. ಊರ ಜೈನ ಗುಡಿಯಾದ ಬಸ್ತಿಯಲ್ಲಿ ಅಕ್ಷರ ಕಲಿತು ಐವತ್ತು ವರ್ಷ ಪೂಜೆಯ ಪುಸ್ತಕ ಓದಿದ ಹೆಣ್ಣುಮಗಳು. ಈಗ ಕಣ್ಣು ಮಂಜಾಗಿತ್ತು. ಪುಸ್ತಕದ ಅಕ್ಷರಗಳು ಸಾಸಿವೆಯಾಗಿ, ಆಮೇಲೆ ಸಾಸಿವೆ ಚೆಲ್ಲಿದಂತಾಗಿ, ಕೊನೆಗೆ ಬರೀ ಕಪ್ಪು ಗೆರೆಯಾಗಿ ಹೋಗಿದ್ದವು. ಶ್ರದ್ಧಾ ಆಟಕ್ಕೆಂದು ‘ಜಿನ್ನವ್ವ’ ಎಂದು ಒತ್ತಿ, ಅಕ್ಷರವನ್ನು ದೊಡ್ಡದು ಮಾಡುತ್ತ ಹೋದಳು. ಕಡೆಗೆ ‘ಜಿ’ ಎಂಬುದೊಂದೇ ಪರದೆಯ ತುಂಬ ರೊಟ್ಟಿಯ ಹಾಗೆ ಕೂತಿತು.

ಜಿನ್ನವ್ವ ಬಹಳ ಹೊತ್ತು ನೋಡಿದಳು. “ಹಿಂಗ ಪುಸ್ತಕಾನೂ ಆಗತೈತೇನ?”

“ಯಾಕಾಗಂಗಿಲ್ರಿ ಅತ್ತಿ?”

“ಪರ್ವದೊಳಗ?”

“ಪರ್ವದೊಳಗ.”

ಮಾತು ಕೊಟ್ಟಾಗಿತ್ತು. ಭಾದ್ರಪದದ ದಶಲಕ್ಷಣ ಪರ್ವದ ಹತ್ತು ದಿನ ಬಸ್ತಿಯಲ್ಲಿ ಮುದುಕಿಯರೆಲ್ಲ ಕೂಡಿ ಓದುತ್ತಾರೆ. ಅವರ ಕೈಗೆ ದೊಡ್ಡ ಅಕ್ಷರದ ಪೂಜಾಪುಸ್ತಕ ಬರುತ್ತದಂತೆ ಎಂಬ ಸುದ್ದಿ ಮರುದಿನವೇ ಬಾವಿಯಿಂದ ಬಸ್ತಿಯವರೆಗೆ ಹೋಯಿತು. ದಾರಿಯಲ್ಲಿ ಕಂಡವರೆಲ್ಲ, “ಶ್ರದ್ಧಾ, ನಮ್ಮ ಪುಸ್ತಕ ಎಲ್ಲಿಗಿ ಬಂತ?” ಎನ್ನುವರು.

ಎಲ್ಲಿಗೂ ಬರಲಿಲ್ಲ. ಮಳೆ ಹಿಡಿದದ್ದೇ ತಡ, ಯಂತ್ರಕ್ಕೆ ಹೊಸ ಚಾಳಿ ಹತ್ತಿತು. ಸಂಜೆ ಚಾಲೂ ಮಾಡಿದರೆ ಸ್ವಲ್ಪ ಹೊತ್ತು ಚೆನ್ನಾಗಿ ನಡೆಯುವುದು. ಶ್ರದ್ಧಾಳ ಬೆರಳು ಓಟಕ್ಕೆ ಬೀಳುವಷ್ಟರಲ್ಲಿ ಟಪ್ಪೆಂದು ಆರಿಹೋಗುವುದು. ಬಲ್ಬು ಉರಿಯುತ್ತಲೇ ಇರುತ್ತಿತ್ತು, ಫ್ಯಾನು ತಿರುಗುತ್ತಲೇ ಇರುತ್ತಿತ್ತು. ಇದೊಂದೇ ಕಪ್ಪು. ಒತ್ತಿದ್ದರಲ್ಲಿ ಅರ್ಧ ಹೋಗಿರುತ್ತಿತ್ತು.

ಅವಳ ಗಂಡ ವೃಷಭ ಡಬ್ಬಿಯನ್ನು ಕೌದಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಗೋಕಾಕದ ಬಸ್ಸು ಹತ್ತಿದ.

“ಒಳಗ ಏನ್ರಿ ಅದು, ಕೂಸ?” ಎಂದು ಕಂಡಕ್ಟರು ಕೇಳಿದ.

“ಕೂಸ ಅಂತ ತಿಳಕೋರಿ. ಜಡ್ಡ ಬಂದೈತಿ, ದವಾಖಾನಿಗೆ ಒಯ್ಯಾಕತ್ತೇನಿ.”

“ಹಂಗಾರ ತಿಕೀಟ ಬ್ಯಾಡ. ಅತ್ರ ಮಾತ್ರ ಇಳಿಸೇಬಿಡ್ತೇನಿ.”

ದವಾಖಾನೆ ಎಂದರೆ ಗೋಕಾಕದ ಬಸ್‌ಸ್ಟ್ಯಾಂಡಿನ ಹತ್ತಿರ, ಅರಿವೆ ಅಂಗಡಿಯ ಮಾಳಿಗೆಯ ಮೇಲಿದ್ದ ಬಸವಲಿಂಗನ ರಿಪೇರಿ ಅಂಗಡಿ. ಬಸವಲಿಂಗ ಹಣೆಯ ತುಂಬ ವಿಭೂತಿ ಹಚ್ಚಿಕೊಂಡೇ ಸ್ಕ್ರೂಡ್ರೈವರು ಮುಟ್ಟುವವನು. ಬಾಯಿ ಜೋರು, ಕೈ ಸಾವಕಾಶ.

“ಇದರ ಮೆಮರಿ ಭಾಳ ಸಣ್ಣದೈತ್ರಿ. ದೊಡ್ಡ ಅಕ್ಷರ ಬೇಕಂದ್ರ ದೊಡ್ಡ ತಲಿ ಬೇಕಲ್ಲ? ಹೊಸಾದು ತುಟ್ಟಿ. ಒಬ್ಬರು ಬಿಟ್ಟ ಮಷೀನಿಂದು ಐತಿ, ಅದನ್ನ ಹಾಕ್ತೇನಿ,” ಎಂದು ಹಾಕಿಕೊಟ್ಟ. ಯಂತ್ರ ಚುರುಕಾಯಿತು, ಸುಳ್ಳಲ್ಲ. ಮೊದಲು ಪುಟ ತೆರೆಯುವುದರೊಳಗೆ ಅಕ್ಕಿ ಆರಿಸಬಹುದಿತ್ತು, ಈಗ ಕಣ್ಣು ಮಿಟುಕಿಸುವುದರೊಳಗೆ ತೆರೆಯುತ್ತಿತ್ತು. ಆದರೆ ಕಲ್ಲೋಳಿಗೆ ಬಂದ ಮೊದಲ ಸಂಜೆಯೇ ಮತ್ತೆ ಟಪ್ಪೆಂದಿತು.

ಮತ್ತೆ ಕೌದಿ, ಮತ್ತೆ ಬಸ್ಸು. ಈ ಸಲ ಬಸವಲಿಂಗ ಕರೆಂಟು ಹಂಚುವ ಒಳಪೆಟ್ಟಿಗೆಯನ್ನೇ ಬದಲಾಯಿಸಿದ. ಅದೂ ಹಳೆಯದೇ. ಇಡೀ ದಿನ ತನ್ನ ಅಂಗಡಿಯಲ್ಲಿ ಚಾಲೂ ಇಟ್ಟು, “ನೋಡ್ರಿ, ಹೆಂಗ ಗುರ್ ಅನ್ನಾಕತ್ತೈತಿ, ತಿಂದು ಮಲಗಿದ ಬೆಕ್ಕಿನಂಗ,” ಎಂದು ತೋರಿಸಿ ಕಳಿಸಿದ. ಆ ಬೆಕ್ಕು ಕಲ್ಲೋಳಿಯಲ್ಲಿ ಒಂದು ಸಂಜೆಯೂ ಬದುಕಲಿಲ್ಲ.

ಆಬಾಸಾಹೇಬರ ನಗು ಕಡಿಮೆಯಾಯಿತು. “ನೋಡವಾ, ಸತ್ತ ಎತ್ತಿಗೆ ಎಷ್ಟ ಸಲ ಲಾಳ ಹೊಡಸೂದು? ಇನ್ನೊಮ್ಮೆ ತೋರಸೂನು. ಆಗಲಿಲ್ಲಂದ್ರ ಗುಜರಿಗೆ. ನಿನಗೊಂದು ಹೊಲಿಗಿ ಮಷೀನ ಕೊಡಸ್ತೇನಿ.”

ಶ್ರಾವಣ ನಡೆದಿತ್ತು. ಪುಸ್ತಕ ಅರ್ಧವೂ ಆಗಿರಲಿಲ್ಲ. ಹೊಲಿಗೆ ಯಂತ್ರದಲ್ಲಿ ಅಕ್ಷರ ಹೊಲಿಯಲಾದೀತೇ?

ಮೂರನೆಯ ಸಲ ಅವಳೇ ಗಂಡನಿಗೆ ಹೇಳಿದಳು: “ಕೂಸನ್ನ ದವಾಖಾನಿಗೆ ಒಯ್ಯೂದು ಸಾಕು. ಡಾಕ್ಟರನ್ನ ಮನಿಗೆ ಕರಕೊಂಡ ಬರ್ರಿ.”

ಹೀಗೆ ಬಸವಲಿಂಗ ಒಂದು ಇಳಿಹೊತ್ತಿನಲ್ಲಿ ವೃಷಭನ ಮೋಟಾರ್‌ಸೈಕಲ್ಲಿನ ಹಿಂದೆ ಕುಳಿತು ಕಲ್ಲೋಳಿಗೆ ಬಂದ. ಬಂದವನೇ ಚೀಲ ಬಿಚ್ಚಲು ಹೋದರೆ ಜಿನ್ನವ್ವ ತಡೆದಳು.

“ಮೊದಲ ಊಟ ಮಾಡಪಾ. ಹೊತ್ತ ಮುಳುಗಾಕ ಬಂತು. ಆಮ್ಯಾಲೆ ನಮ್ಮ ಮನಿಯಾಗ ಉಣ್ಣಾಕ ಏನೂ ಹುಟ್ಟಂಗಿಲ್ಲ.”

“ಕೆಲಸ ಮಾಡದ ಉಂಡ್ರ ಅರಗಂಗಿಲ್ರಿ ಆಯಿ.”

“ಉಂಡ್ರ ಕೆಲಸ ಆಗತೈತಿ, ಕೂಡ.”

ಕುಳಿತ. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ. ಜಿನ್ನವ್ವ ಹಿತ್ತಾಳೆಯ ತಂಬಿಗೆಗೆ ಎರಡು ಪದರಿನ ಬಿಳಿಯ ಅರಿವೆ ಕಟ್ಟಿ, ನೀರು ಸೋಸಿ ಕೊಟ್ಟಳು. ಆ ಅರಿವೆಯನ್ನು ಅವಳು ಹಾಗೇ ಹಿಂಡಿ ಒಗೆಯುವುದಿಲ್ಲ. ಮಗುಚಿ ಹಿಡಿದು ಮೇಲೆ ಸೋಸಿದ ನೀರು ಹೊಯ್ದು, ಅದರಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಅವು ಬಂದ ಬಾವಿಗೇ ತಿರುಗಿ ಮುಟ್ಟಿಸುತ್ತಾಳೆ. ನೀರು ಸೋಸುವುದು ಕುಡಿಯುವವರ ಸಲುವಾಗಿ ಅಷ್ಟೇ ಅಲ್ಲ, ನೀರಿನಲ್ಲಿ ಇರುವವರ ಸಲುವಾಗಿಯೂ ಹೌದು. ಯಾರ ಮನೆಯಲ್ಲಿ ನಾವು ಒಕ್ಕಲಿದ್ದೇವೆ, ಯಾರು ನಮ್ಮ ಮನೆಯಲ್ಲಿ ಒಕ್ಕಲಿದ್ದಾರೆ, ಹೇಳುವವರು ಯಾರು?

ಊಟವಾಯಿತು. ಹೊತ್ತು ಮುಳುಗಿತು. ಬಸವಲಿಂಗ ಕುರ್ಚಿ ಎಳೆದುಕೊಂಡು ಯಂತ್ರ ಚಾಲೂ ಮಾಡಿದ. ನಡೆಯಿತು.

“ಯಾವಾಗಿಂದ ಹಿಂಗ ತಂಗಿ?”

“ಮಳಿ ಹಿಡದ ಮ್ಯಾಲ್ರಿ ಅಣ್ಣಾರ.”

“ತಂಪ ಹಿಡದಿರಬೇಕು,” ಎಂದು ಗೋಡೆ ಮುಟ್ಟಿ ನೋಡಿದ. ಗೋಡೆ ಒಣಗಿಯೇ ಇತ್ತು.

ಜಿನ್ನವ್ವ ಕೈಯಲ್ಲಿ ದೀಪ ಹಿಡಿದು ದಿನದಂತೆ ಮನೆಯ ಮೂಲೆ ಮೂಲೆಗೆ ಬೆಳಗುತ್ತ ಬಂದಳು. ಮೇಜಿನ ಬಾಜೂ ದೀಪ ಇಟ್ಟು ಬಗ್ಗಿದಳು, ತುಸು ಹೊತ್ತಿಗೆ ಎದ್ದಳು, ಬಾಯಲ್ಲಿ ಮಂತ್ರ ಹೇಳಿಕೊಳ್ಳುತ್ತ ಒಳಗೆ ಹೋದಳು. ದೀಪ ತೋರಿಸುತ್ತಿದ್ದಾಳೆಂದುಕೊಂಡು ಯಾರೂ ಆ ಕಡೆ ಗಮನ ಕೊಡಲಿಲ್ಲ. ಈ ಮನೆಯಲ್ಲಿ ಆ ಹೊತ್ತಿಗೆ ಅವಳು ಎಲ್ಲ ಕಡೆಗೂ ಬಗ್ಗುವವಳೇ.

ಶ್ರದ್ಧಾ ಟೈಪು ಮಾಡುತ್ತಿದ್ದಳು. ಬಸವಲಿಂಗ ಆಬಾಸಾಹೇಬರಿಗೆ ಕಬ್ಬಿನ ಸುದ್ದಿ ಕೇಳುತ್ತಿದ್ದ. ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿ ಮೂಗು ಏರಿಸಿದ. “ಕಾಕಾರ, ಇಸ್ತ್ರಿ ಮಾಡಿದ ವಾಸನಿ ಬರಾಕತ್ತೈತಲ್ರಿ?”

ಟಪ್ಪೆಂದು ಪರದೆ ಆರಿತು.

ಬಸವಲಿಂಗ ನೆಲಕ್ಕೆ ಮಂಡಿಯೂರಿ, ಡಬ್ಬಿಯ ಹಿಂದೆ ಕೈ ಹಾಕಿ, ಸುಟ್ಟವನಂತೆ ಹಿಂತೆಗೆದ. ಟಾರ್ಚು ಬಿಟ್ಟು ನೋಡಿದ. ಒಳಪೆಟ್ಟಿಗೆಯ ಫ್ಯಾನಿನ ಮೇಲೆ, ಸುತ್ತಲಿನ ತೂತುಗಳ ಮೇಲೆ, ಎರಡು ಪದರಿನ ಬಿಳಿಯ ಅರಿವೆ. ನಾಲ್ಕು ಮೂಲೆಗೂ ಅಚ್ಚುಕಟ್ಟಾಗಿ ದಾರ ಕಟ್ಟಿತ್ತು.

“ಆಯೀ,” ಎಂದ, ದನಿ ತಗ್ಗಿಸಿ. “ಇದು ನಿಮ್ಮ ನೀರ ಸೋಸೂ ಅರಿವಿ ಅಲ್ಲೇನ್ರಿ?”

“ಹೌದಪಾ. ಬ್ಯಾರೆ ತೆಗದಿಟ್ಟೇನಿ, ಅದರದ ಅದಕ್ಕ.”

“ನಾ ಮುಟ್ಟಬಹುದ್ರಿ?”

“ತಡಿ, ನಾನ ಬಿಚ್ಚತೇನಿ.”

ಬಿಚ್ಚಿದಳು. ದಿನಾ ಸಂಜೆ ದೀಪ ತೋರಿಸುವಾಗ ಕಟ್ಟಿ, ಬೆಳಿಗ್ಗೆ ಅವಳೇ ಬಿಚ್ಚಿ ಒಗೆದು ಒಣಹಾಕುತ್ತಿದ್ದಳು. ಗೋಕಾಕಕ್ಕೆ ಹೋಗುವಾಗಲಂತೂ ಮಡಿಯ ಅರಿವೆಯನ್ನು ಬಸ್ಸಿಗೆ ಕಳಿಸುವ ಮಾತೇ ಇಲ್ಲ. ಅದಕ್ಕೇ ಯಂತ್ರ ತವರಿನಲ್ಲಿ ಆರಾಮಿತ್ತು.

ಆಬಾಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಎಲಾ ಇವಳ! ಸೊಸಿ ತ್ರಾಸ ಕೇಳ್ರಿ ಅಂದ್ಲು. ನೋಡಿದ್ರ ಅತ್ತಿ ಕೂಸಿನ ಮೂಗ ಕಟ್ಯಾಳ!”

ಶ್ರದ್ಧಾ ಕಳೆದುಹೋದ ಪುಟಗಳನ್ನು ಒಂದೊಂದಾಗಿ ನೆನೆಯುತ್ತಿದ್ದಳು. ಅತ್ತೆಯ ಮುಖ ಕಂಡದ್ದೇ ನೆನೆಯುವುದನ್ನು ಬಿಟ್ಟಳು.

ಜಿನ್ನವ್ವ ಬಿಸಿ ಅರಿವೆಯನ್ನು ಕೈಯಲ್ಲಿ ಹಿಡಿದೇ ನಿಂತಿದ್ದಳು. “ಮದಲ ಮಳಿ ಆದ ದಿನ ದೀಪಕ್ಕ ಹುಳಾ ಬಂದಿದ್ವು. ಈ ಫ್ಯಾನಿನಾಗ ಒಂದು ಟರ್ರ್ ಅಂತು. ಆ ಸಪ್ಪಳ ನನಗ ರಾತ್ರಿ ಎಲ್ಲಾ ನಿದ್ದಿ ಮಾಡಗೊಡಲಿಲ್ಲ. ನೀರಿಗೆ ಕಟ್ಟೂದಿಲ್ಲೇನ? ಗಾಳಿಗೂ ಕಟ್ಟಿದ್ನಿ.”

“ಕಟ್ಟಿದ್ದಕ್ಕ ಒಳಗಿನ ಕಾವು ಹೊರಗ ಹೋಗಾಕ ಹಾದಿ ಇಲ್ಲದಂಗ ಆಗೇತ್ರಿ,” ಎಂದ ಬಸವಲಿಂಗ. “ಪಾಪ, ಜೀವ ಉಳಿಸಿಕೊಳ್ಳಾಕ ತಾನ ಬಂದಾಗತಿತ್ತು. ಅರಿವಿ ಬ್ಯಾಡ್ರಿ ಇನ್ನ.”

“ಅರಿವಿ ಬ್ಯಾಡಂದ್ರ ಪುಸ್ತಕಾನೂ ಬ್ಯಾಡ.”

ಶ್ರದ್ಧಾ ಅತ್ತೆಯ ಹತ್ತಿರ ಬಂದಳು.

“ಅತ್ತಿ, ಹಂಗ್ಯಾಕ ಅಂತೀರಿ...”

“ಹುಳಾ ಅರದು ಬಂದ ಅಕ್ಷರಾ ನಾ ಹೆಂಗ ಓದ್ಲಿ, ಶ್ರದ್ಧಾ? ‘ಕ್ಷಮಿಸು’ ಅಂತ ಓದೂ ಪುಸ್ತಕ ಅದು.” ಕೋಪವಿರಲಿಲ್ಲ ಆ ಮಾತಿನಲ್ಲಿ. ಕಣ್ಣು ಮಾತ್ರ ಕಪ್ಪು ಪರದೆಯ ಮೇಲಿತ್ತು, ರೊಟ್ಟಿಯಷ್ಟು ಅಕ್ಷರ ಕಂಡ ಜಾಗದ ಮೇಲೆ.

ಯಂತ್ರದ ಕಾವು ಇಳಿಯುವ ತನಕ ಕಾಯಬೇಕಿತ್ತು. ಕಾದರು. ಬಸವಲಿಂಗ ಮತ್ತೆ ಚಾಲೂ ಮಾಡಿ, ಫ್ಯಾನಿನ ಹಿಂದೆ ಅಂಗೈ ಹಿಡಿದ. “ಆಯಿ, ಇಲ್ಲಿ ಕೈ ಹಿಡೀರಿ. ಗಾಳಿ ಒಳಗ ಹೊಂಟೈತೋ, ಹೊರಗ ಬರಾಕತ್ತೈತೋ?” ಎಂದ.

ಜಿನ್ನವ್ವ ಹಿಡಿದಳು. ನಂಬಿಕೆ ಬರಲಿಲ್ಲ. ದೇವರ ಮಾಡದಿಂದ ಬತ್ತಿಯ ಹತ್ತಿ ತಂದಳು. ಒಂದು ಎಳೆ ಹಿಂಜಿ, ಎರಡು ಬೆರಳಲ್ಲಿ ಹಿಡಿದು ಫ್ಯಾನಿನ ಮುಂದೆ ಇಳಿಬಿಟ್ಟಳು. ಎಳೆ ಅವಳ ಕಡೆಗೇ ಹಾರಿತು. ಎಡಕ್ಕೆ ಹಿಡಿದಳು, ಬಲಕ್ಕೆ ಹಿಡಿದಳು. ಬಿಟ್ಟಳು. ಹತ್ತಿ ಫ್ಯಾನಿಗೆ ಹೋಗಲಿಲ್ಲ. ಅವಳ ಸೀರೆಯ ನಿರಿಗೆಗೆ ಬಂದು ಅಂಟಿತು.

“ಇದು ಉಸಿರ ಬಿಡೂ ಬಾಯಿ,” ಎಂದಳು ಶ್ರದ್ಧಾ ಮೆಲ್ಲಗೆ. “ಹುಳಾ ಬಂದ್ರೂ ‘ದೂರ ಹೋಗಪಾ’ ಅಂತ ಊದತೈತ್ರಿ ಅತ್ತಿ.”

“ಮತ್ತ ಆ ಟರ್ರ್ ಅಂದದ್ದು?”

ಬಸವಲಿಂಗ ಕರೆಂಟು ತೆಗೆದು ಡಬ್ಬಿ ಬಿಚ್ಚಿದ. ತಳದ ಧೂಳಿನಲ್ಲಿ ಮಳೆಹುಳದ ರೆಕ್ಕೆಗಳು ಬಿದ್ದಿದ್ದವು. ಹಿಂಬದಿಯಲ್ಲಿ ಉದ್ದನೆಯ ಒಂದು ಸಂದಿ. ಕ್ಲಾಸಿನವರು ಅಲ್ಲಿದ್ದ ಏನನ್ನೋ ಕಿತ್ತುಕೊಂಡು, ತಗಡು ಮುಚ್ಚದೆ ಬಿಟ್ಟಿದ್ದರು.

“ಇಲ್ಲಿಂದ ಒಳಗ ಬಂದು ಆ ಕಡಿ ಸಿಕ್ಕಾವು,” ಎಂದು ತಲೆ ಕೆರೆದುಕೊಂಡ. “ನಾ ಎರಡು ಸಲ ನೋಡಿದ್ನಿ ಈ ಸಂದೀನ. ಏನಾಗತೈತಿ ಬಿಡು ಅಂತ ಬಿಟ್ಟಿದ್ನಿ. ಉಸಿರ ತಗೊಳ್ಳೂ ಮೂಗು ಇದು, ಆಯಿ. ನೀವು ಬಾಯಿ ಕಟ್ಟೀರಿ, ಮೂಗ ಬಿಟ್ಟೀರಿ.”

“ಹಂಗಾರ ಇಲ್ಲಿ ಕಟ್ಟತೇನಿ,” ಎಂದು ಜಿನ್ನವ್ವ ಅರಿವೆ ಚಾಚಿದಳು. ಅಷ್ಟರಲ್ಲಿ ತಾನೇ ಕೈ ತಡೆದುಕೊಂಡಳು. ಅರಿವೆಯನ್ನು ಮೂಗಿಗೆ ಒತ್ತಿ ಉಸಿರೆಳೆದು ನೋಡಿಕೊಂಡಳು. “ಊಂಹೂಂ. ಇದು ದಪ್ಪ ಆತು. ನೀರಿಗೆ ಅರಿವಿ, ಹಿಟ್ಟಿಗೆ ಸಾಣಗಿ. ಗಾಳಿ ಅಂದ್ರ ಹಿಟ್ಟಿನಕಿಂತ ಹಗರ, ಆದ್ರ ಹುಳಾ ಹಿಟ್ಟಿನಕಿಂತ ದೊಡ್ಡದು.” ಒಳಗೆ ಹೋಗಿ, ಅಂಚು ಮುರಿದು ಅಟ್ಟಕ್ಕೆ ಎಸೆದಿದ್ದ ಹಳೆಯ ಸಾಣಿಗೆಯನ್ನು ತಂದಳು.

ಆಬಾಸಾಹೇಬರು ಅಡಕೊತ್ತಿನಿಂದ ಅದರ ಜಾಳಿಗೆ ಕತ್ತರಿಸಿದರು. ಬಸವಲಿಂಗ ಅದನ್ನು ಸಂದಿಗೂ ಡಬ್ಬಿಯ ಉಳಿದ ತೂತುಗಳಿಗೂ ಕೂರಿಸಿದ. ಜಿನ್ನವ್ವ ತಳದಲ್ಲಿದ್ದ ರೆಕ್ಕೆಗಳನ್ನು ಹತ್ತಿಯಿಂದ ಒತ್ತಿ ಒತ್ತಿ ತೆಗೆದು, ಅಂಗಳದ ತುಳಸಿಯ ಬುಡಕ್ಕೆ ಹಾಕಿ, ಕೈಮುಗಿದು ಬಂದಳು.

ಬಸವಲಿಂಗ ಡಬ್ಬಿ ಮುಚ್ಚುವ ಮೊದಲು ಇನ್ನೊಂದು ಕೆಲಸ ಮಾಡಿದ. ತಾನು ಹಾಕಿದ್ದ ಒಳಪೆಟ್ಟಿಗೆ ಕಿತ್ತು, ಚೀಲದಲ್ಲಿ ತಂದಿದ್ದ ಮೊದಲಿನದನ್ನೇ ಕೂರಿಸಿದ. “ನಿಮ್ಮದು ಗಟ್ಟಿ ಐತ್ರಿ ಕಾಕಾರ, ಸುಮ್ಮನ ಬದಲಿಸಿದ್ನಿ. ಇದರ ರೊಕ್ಕಾ ತಿರುಗಿ ಕೊಡ್ತೇನಿ. ಮೆಮರಿ ಇರಲಿ.”

“ಮೆಮರಿ ಇರಲಿ,” ಎಂದು ಆಬಾಸಾಹೇಬರು ತಲೆ ಆಡಿಸಿದರು. “ಅದನ್ನೂ ಒಯ್ದ್ರ ನಾಳಿ ನಮ್ಮನ್ನ ಮರತೇಬಿಡ್ತೈತಿ.”

ಆ ರಾತ್ರಿ ಯಂತ್ರ ಆರಲಿಲ್ಲ. ಶ್ರದ್ಧಾ ತಾನೇ ಸಾಕೆಂದು ಬಂದು ಮಾಡುವ ತನಕ ನಡೆದೇ ಇತ್ತು. ಮರುದಿನವೂ ನಡೆಯಿತು. ಜಿನ್ನವ್ವ ಫ್ಯಾನಿನ ಜಾಳಿಗೆಗೆ ಹತ್ತಿಯ ಒಂದು ಎಳೆಯನ್ನು ದಾರದಿಂದ ಕಟ್ಟಿದಳು. ಸಂಜೆಯ ದೀಪ ಹಿಡಿದು ಬಂದಾಗ ಈಗಲೂ ಬಗ್ಗುತ್ತಾಳೆ. ಎಳೆ ತನ್ನ ಕಡೆಗೆ ಹಾರುತ್ತಿದೆಯೇ ಎಂದು ನೋಡಿ, ಎದ್ದು, ಮುಂದಿನ ಮೂಲೆಗೆ ಹೋಗುತ್ತಾಳೆ.

ಪರ್ವದ ಮೊದಲ ದಿನ ಬಸ್ತಿಯಲ್ಲಿ ಮುದುಕಿಯರ ತೊಡೆಗಳ ಮೇಲೆ, ಗೋಕಾಕದಲ್ಲಿ ಅಚ್ಚಾಗಿ ಬಂದ ದೊಡ್ಡ ಪುಸ್ತಕಗಳು ತೆರೆದುಕೊಂಡವು. ಅಕ್ಷರಗಳು ಹುಣಸೆಬೀಜದಷ್ಟು. ಅಂದಿನ ಪಾಠ ಕ್ಷಮೆಯದು. ಉಳಿದವರು ಕಣ್ಣು ಹೊಂದಿಸಿಕೊಳ್ಳುವುದರೊಳಗೆ ಜಿನ್ನವ್ವ ಮೊದಲ ಸಾಲನ್ನು ಓದಿಬಿಟ್ಟಿದ್ದಳು, ಬೆರಳು ಇಡದೆ, ಪುಸ್ತಕವನ್ನು ಮುಖಕ್ಕೆ ತರದೆ.

“ಏ ಜಿನ್ನವ್ವಾ, ನಿಧಾನ!” ಎಂದು ಪಕ್ಕದ ಮುದುಕಿ ಮೊಣಕೈಯಿಂದ ತಿವಿದಳು. “ಪುಸ್ತಕ ಎಲ್ಲಿಗಿ ಓಡಿ ಹೋಗತೈತಿ?”

ಜಿನ್ನವ್ವ ನಿಧಾನ ಮಾಡಲಿಲ್ಲ. ಅವಳ ದನಿ ಮುಂದೆ, ಉಳಿದವರ ದನಿ ಹಿಂದೆ. ಹೊರಗೆ ಮಳೆ ನಿಂತು ಬಿಸಿಲು ಬಿದ್ದಿತ್ತು. ಬಾಗಿಲಿನ ಬೆಳಕಿನಲ್ಲಿ ಸಣ್ಣ ಹುಳುಗಳು ಹಾರಾಡುತ್ತಿದ್ದವು, ಅವುಗಳಷ್ಟಕ್ಕೆ ಅವು.