ಪೆಪ್ಪರ್ ಎಂಬ ಅಡುಗೆಯವನು

ಮದುವೆಯಾಗಿ ಜರ್ಸಿ ಸಿಟಿಗೆ ಬಂದ ಮರುವರ್ಷ, ೧೯೭೧ರಲ್ಲಿ, ಧಾರವಾಡದ ಅನಸೂಯಳಿಗೆ ಅಲ್ಲಿಯ ಇತಿಹಾಸ ಸಂಘವೊಂದರಲ್ಲಿ ಟೈಪಿಂಗ್ ಕೆಲಸ ಸಿಕ್ಕಿತು. ನೂರು ವರ್ಷಕ್ಕೂ ಹಿಂದೆ ನ್ಯೂಯಾರ್ಕಿನಿಂದ ಮೆಣಸಿನ ವ್ಯಾಪಾರಕ್ಕೆ ಹೊರಟ ಹಡಗಿನ ನಾವಿಕನೊಬ್ಬನ ದಿನಚರಿಯನ್ನು ಅವಳು ಅಚ್ಚಿಗೆ ಸಿದ್ಧಮಾಡಬೇಕಿತ್ತು.

ಟೈಪ್ ಮಾಡುತ್ತಾ ಹೋದಂತೆ ವಾಕರಿಕೆ ಶುರುವಾಯಿತು. ಬಿಸ್ಕತ್ತಿನಲ್ಲಿ ಹುಳ, ಕುಡಿಯುವ ನೀರಿನ ಪೀಪಾಯಿಯಲ್ಲಿ ಸತ್ತ ಇಲಿ. ಬೇಸರ ಕಳೆಯಲು ಗಾಳಹಾಕಿ ಹಿಡಿದ ಕಡಲಹಕ್ಕಿಯ ಪಾದದ ಚರ್ಮ ಸುಲಿದು ಹೊಗೆಸೊಪ್ಪಿಗೆ ಚೀಲ ಮಾಡಿಕೊಂಡದ್ದನ್ನು ಆ ಮನುಷ್ಯ ಬಾಯಿ ಚಪ್ಪರಿಸಿಕೊಂಡು ಬರೆದಿದ್ದ. ಮಧ್ಯಾಹ್ನ ಅವಳು ಊಟದ ಡಬ್ಬಿ ತೆರೆದು, ಹಾಗೇ ಮುಚ್ಚಿಡುತ್ತಿದ್ದಳು.

ಕಾರವಾರದಲ್ಲಿ ಹಡಗಿನವರು ಒಬ್ಬ ಅಡುಗೆಯವನನ್ನು ಹತ್ತಿಸಿಕೊಂಡರು. ಅವನ ಹೆಸರಿಗೆ ನಾಲಿಗೆ ಹೊರಳದೆ ‘ಪೆಪ್ಪರ್’ ಎಂದು ಕರೆದರು. ವಾಪಸು ಬರುವಾಗ ನಡುಗಡಲಲ್ಲಿ ಅವನಿಗೆ ರಕ್ತಭೇದಿ ಹತ್ತಿತು. ನಾತ ತಡೆಯಲಾರದೆ ಕಪ್ತಾನ ಅವನನ್ನು ಹಂದಿಗೂಡಿಗೆ ತಳ್ಳಿಸಿದ. ಅವನು ಸತ್ತ ದಿನ ನಾವಿಕ ಬರೆದದ್ದು ಇಷ್ಟೆ: “ಪೆಪ್ಪರ್ ಹೋದ, ಹಂದಿಗಳಿಗೆ ಜಾಗವಾಯಿತು.”

ಸಂಘದ ಅಧ್ಯಕ್ಷ ವಿಟ್ಲಾಕ್‌ಗೆ ಆ ಸಾಲು ಬಹಳ ಹಿಡಿಸಿತು. ಭಾನುವಾರದ ಸಂತೋಷಕೂಟದಲ್ಲಿ, ತಟ್ಟೆಗಳಿಗೆ ಹಂದಿಮಾಂಸ ಬಡಿಸುತ್ತಿದ್ದಾಗ, ಎದ್ದುನಿಂತು ಓದಿಯೇಬಿಟ್ಟ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅನಸೂಯ ಪಕ್ಕಕ್ಕೆ ನೋಡಿದಳು. ಗಂಡ ದ್ವಾರಕಾನಾಥನೂ ಹಲ್ಲು ಬಿಟ್ಟು ನಗುತ್ತಿದ್ದ.

ಅವಳು ಎದ್ದಳು. ಒಬ್ಬ ಮನುಷ್ಯ ಹಂದಿಯ ಹೊಲಸಿನಲ್ಲಿ ಬಿದ್ದು ಸತ್ತದ್ದರಲ್ಲಿ ನಗುವಂಥದ್ದು ಏನಿದೆ ಎಂದು ಇಂಗ್ಲಿಷಿನಲ್ಲೇ ಕೇಳಿದಳು. ವಿಟ್ಲಾಕ್ ಅದು ಹಳೆಯ ಕಾಲದ ನಾವಿಕರ ಹಾಸ್ಯ ಎಂದು ಸಮಾಧಾನ ಹೇಳಿ, ಪುಡಿಂಗ್ ತರಿಸಲೇ ಎಂದ. ಅನಸೂಯ ಕೋಟು ಎತ್ತಿಕೊಂಡು ಹೊರಟಳು.

ಕಾರಿನಲ್ಲಿ ದ್ವಾರಕಾನಾಥ ಅವಳದೇ ತಪ್ಪೆನ್ನುವಂತೆ ಮಾತು ತೆಗೆದ. “ಎಲ್ಲಾರೂ ನಗೋ ಮುಂದ ನಾ ಏನ್ ಮಾಡ್ಲಿ? ಜಸ್ಟ್ ಪೊಲೈಟ್ ಆಗಿ ನಕ್ಕೆ.”

“ಆ ನಾವಿಕನ ಬರಹ ಓದಿ ಓದಿ ಹೇಸಿಕಿ ಬಂದಿತ್ರೀ,” ಅಂದಳು ಅನಸೂಯ. “ಇವತ್ತ ನಿಮ್ಮ ಬಾಜೂಕ ಕೂಡ್ಲಿಕ್ಕೂ ಹಂಗ ಆಗ್ತದ.”

ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅವಳು ಇಳಿದು ಫುಟ್‌ಪಾತಿನ ಮೇಲೆ ನಡೆದಳು. ಅವನು ಸ್ವಲ್ಪ ದೂರ ನಿಧಾನವಾಗಿ ಜೊತೆಗೇ ಕಾರು ಓಡಿಸಿದ. ಹಿಂದಿನವರು ಹಾರ್ನ್ ಹೊಡೆಯತೊಡಗಿದ ಮೇಲೆ ಮುಂದೆ ಹೋದ.

ಸೋಮವಾರ ಅವಳು ಕೆಲಸ ಬಿಟ್ಟಳು. ಮೂರು ತಿಂಗಳಾದ ಮೇಲೆ ಅಂಚೆಯಲ್ಲಿ ಆ ದಿನಚರಿಯ ಅಚ್ಚಾದ ಪುಸ್ತಕ ಬಂತು. ಒಳಪುಟದಲ್ಲಿ ಅವಳಿಗೂ ವಂದನೆ ಹೇಳಿದ್ದರು. ಅನಸೂಯ ಅದನ್ನು ತರಕಾರಿ ಸಿಪ್ಪೆಯ ಜೊತೆ ಸುತ್ತಿ ಕಸಕ್ಕೆ ಹಾಕಿ, ಕೈಗೆ ಎರಡು ಸಲ ಸೋಪು ಹಚ್ಚಿ ತೊಳೆದಳು.