ಸೀದ ಕೇಕಿನ ವ್ಯಾಕರಣ

೧
ಎಲ್ಲಿಂದ ಶುರು ಮಾಡಲಿ? ಮೈದಾ ಹಿಟ್ಟಿನಿಂದಲೋ, ಮದುವೆಯಿಂದಲೋ? ಮದುವೆಯಿಂದ ಶುರು ಮಾಡಿದರೆ ಕೇಕ್ ಬರುವಷ್ಟರಲ್ಲಿ ನೀವು ಎದ್ದು ಹೋಗಿರುತ್ತೀರಿ. ಮೈದಾದಿಂದಲೇ ಆಗಲಿ.

ಭಾನುವಾರ ಮಧ್ಯಾಹ್ನ. ಅಡುಗೆಮನೆಯಲ್ಲಿ ಇಬ್ಬರಿದ್ದಾರೆ. ಒಬ್ಬಳು ಕನ್ನಡಕದ ಅಂಗಡಿಯಲ್ಲಿ ಲೆನ್ಸ್ ಕೂರಿಸುವವಳು. ವಾರವಿಡೀ ಸಣ್ಣ ಸಣ್ಣ ಸ್ಕ್ರೂ ತಿರುಗಿಸಿ, ಏನನ್ನು ನೋಡಿದರೂ ಕಣ್ಣು ಕಿರಿದು ಮಾಡುವ ಅಭ್ಯಾಸ ಬಿದ್ದಿದೆ. ಇನ್ನೊಬ್ಬಳು ಅವಳ ಗಂಡನ ಮಗಳು, ಏಳನೇ ಕ್ಲಾಸು. ಗಂಡ ಹಾಲ್‌ನ ಸೋಫಾದಲ್ಲಿ ಪೇಪರನ್ನು ಮುಖದ ಮೇಲೆ ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದಾನೆ. (ಅವನಿಗೆ ಈ ಕಥೆಯಲ್ಲಿ ಹೆಚ್ಚು ಕೆಲಸವಿಲ್ಲ. ಮಲಗಲಿ, ಪಾಪ.)

೨
ಮೊದಲ ಡ್ರಾಫ್ಟಿನಲ್ಲಿ ಹುಡುಗಿ "ಅಮ್ಮಾ" ಎಂದು ಇವಳನ್ನು ತಬ್ಬಿಕೊಳ್ಳುತ್ತಿದ್ದಳು. ಓದಿ ನೋಡಿದೆ, ನನಗೇ ನಾಚಿಕೆಯಾಯಿತು. ಹುಡುಗಿಯೂ ಒಪ್ಪಲಿಲ್ಲ.

"ನಂಗೆ ಅಮ್ಮ ಇದ್ದಾಳಲ್ಲ," ಅಂದಳು. "ಬೇರೆ ಮನೇಲಿದ್ದಾಳೆ ಅಷ್ಟೇ. ನಿನ್ನೆ ತಾನೇ ಫೋನ್ ಮಾಡಿದ್ಲು."

ಸರಿ, ಹರಿದು ಹಾಕಿದೆ.

ಇವಳಿಗೂ ಆ ಜಾಗದ ಮೇಲೆ ಕಣ್ಣಿಲ್ಲ. ಇವಳ ಆಸೆ ಅದಕ್ಕಿಂತ ಚಿಕ್ಕದು, ಹೇಳಿದರೆ ನಗುತ್ತೀರಿ. ಹುಡುಗಿ ತನ್ನನ್ನು "ನೀನು" ಅನ್ನಬೇಕು. ಮದುವೆಗೆ ಮುಂಚೆ "ಆಂಟಿ, ನೀವು" ಎನ್ನುತ್ತಿದ್ದಳು. ಮದುವೆಯಾದ ಮೇಲೆ ಆಂಟಿ ಬಿದ್ದುಹೋಯಿತು, ನೀವು ಹಾಗೇ ಉಳಿಯಿತು. ಅಪ್ಪನಿಗೆ ನೀನು, ಅಮ್ಮನಿಗೆ ನೀನು, ಅಜ್ಜಿಗೂ ನೀನು. ಕೆಳಗಿನ ಮನೆಯ ಡಾಕ್ಟರಿಗೆ ಮತ್ತು ಇವಳಿಗೆ ಮಾತ್ರ ನೀವು. (ಡಾಕ್ಟರು ಸೂಜಿ ಚುಚ್ಚುತ್ತಾರೆ. ಇವಳೇನು ಮಾಡಿದ್ದಾಳೆ?)

೩
ಬೆಣ್ಣೆ ಸಕ್ಕರೆ ಕಲಸುವ ಭಾಗವನ್ನು ಸೊಗಸಾಗಿ ವರ್ಣಿಸಬೇಕೆಂದಿದ್ದೆ. ಆದರೆ ಹುಡುಗಿ ಬೆರಳಲ್ಲಿ ಬಳಿದು ಬಳಿದು ನೆಕ್ಕಿ, ವರ್ಣಿಸಲು ಹೆಚ್ಚೇನೂ ಉಳಿಸಲಿಲ್ಲ.

"ಮೊಟ್ಟೆ ಒಡೀಲಾ?"

"ಒಡಿ ಪುಟ್ಟಿ. ಮೆಲ್ಲಗೆ."

"ಅಯ್ಯೋ, ಚಿಪ್ಪು ಬಿತ್ತು. ಬಯ್ತೀರಾ?"

"ನಾನ್ಯಾಕೆ ಬಯ್ಲಿ? ನಿಮ್ಮಪ್ಪನ ಪಾಲಿಗೆ ಸಿಗ್ಲಿ ಬಿಡು."

ಇಬ್ಬರೂ ಕಿಸಕ್ಕನೆ ನಕ್ಕರು. ಆ ನಗುವಿನ ಮಧ್ಯೆಯೂ "ಬಯ್ತೀರಾ" ಎಂಬುದರ ಕೊನೆಯ "ರಾ" ಇವಳಿಗೆ ಚುಚ್ಚಿತು. ನಾನು ನೋಡಿದೆ.

೪
ಈಗ ಮುಖ್ಯ ಘಟನೆ. (ದೊಡ್ಡದೇನಲ್ಲ, ಯಾರೂ ಸಾಯುವುದಿಲ್ಲ.)

ಕೇಕ್ ಓವನ್ನಿನೊಳಗಿದೆ. ಇವಳು ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯಲು ಹೋದಳು. ಓವನ್ನಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕಾವಲು ಕಾಯುತ್ತಿದ್ದ ಹುಡುಗಿ ಒಮ್ಮೆಲೇ ಕೂಗಿಕೊಂಡಳು.

"ಅಯ್ಯೋ, ಸೀದೋಗ್ತಿದೆ! ಬೇಗ ಬಾ! ತೆಗಿ, ತೆಗಿ!"

ಬಾ. ತೆಗಿ. ಬನ್ನಿ ಅಲ್ಲ, ತೆಗೀರಿ ಅಲ್ಲ.

ಇವಳು ಬಟ್ಟೆ ಬಿಸಾಕಿ ಓಡಿಬಂದಳು. ಬಂದವಳು ಓವನ್ ಬಾಗಿಲು ತೆಗೆಯಬೇಕೋ ಬೇಡವೋ? ತೆಗೆಯಲಿಲ್ಲ. ಕಣ್ಣು ಕಿರಿದು ಮಾಡಿ, "ಏನಂದೆ?" ಎಂದು ಕೇಳಿದಳು. ಎಂಥ ಪೆದ್ದಿ!

ಹುಡುಗಿಯ ಮುಖ ಕೆಂಪಾಯಿತು. "ಸಾರಿ. ತೆಗೀರಿ ಅಂದೆ."

ಅಷ್ಟರಲ್ಲಿ ಕೇಕಿನ ಒಂದು ಬದಿ ಕಪ್ಪಗಾಗಿತ್ತು.

೫
ಸುಮ್ಮನಿರಲಾಗದೆ ನಾನು ಮಧ್ಯೆ ಬಾಯಿ ಹಾಕಿದೆ. "ಆ ಪ್ರಶ್ನೆ ಡಿಲೀಟ್ ಮಾಡ್ತೀನಿ. ನೀವು ಕೇಳ್ಲೇ ಇಲ್ಲ ಅಂದ್ಕೊಳ್ಳಿ."

"ಬೇಡ," ಅಂದಳು, ಸೀದ ಭಾಗವನ್ನು ಚಾಕುವಿನಿಂದ ಹೆರೆಯುತ್ತ. "ನಿಮ್ಮನ್ನ ನಂಬೋಕಾಗಲ್ಲ. ಅದ್ರ ಜೊತೆ ಆ 'ಬಾ'ನೂ ಅಳಿಸಿಬಿಡ್ತೀರಿ. ಅದು ನಂಗೆ ಬೇಕು."

"ಹಾಗಿದ್ರೆ ಅವಳ ಬಾಯಲ್ಲಿ ಇನ್ನೊಂದ್ಸಲ ಹೇಳಿಸ್ಲಾ?"

"ನೀವು ಹೇಳ್ಸಿದ್ರೆ ಅದು ನಿಮ್ಮ ಮಾತಾಯ್ತು. ಮಗು ಬಾಯಿಗೆ ಏನೂ ತುರುಕ್ಬೇಡಿ. ಬಂದಾಗ ಬರ್ಲಿ."

(ನನ್ನ ಪಾತ್ರವೇ ನನಗೆ ಬುದ್ಧಿ ಹೇಳುವ ಕಾಲ ಬಂತು.) ಅವಳ ಮೇಲೆ ನನಗೆ ತುಂಬ ಪ್ರೀತಿ ಬಂತು, ಮುಚ್ಚಿಡುವುದೇನು.

೬
ಮುಕ್ತಾಯ ಒಂದು: ಅಪ್ಪ ಎದ್ದು ಬಂದು, "ಯಾರು ಮಾಡಿದ್ದು?" ಎಂದು ಕೇಳುತ್ತಾನೆ. ಹುಡುಗಿ "ನಾವು" ಎನ್ನುತ್ತಾಳೆ. ಚೆನ್ನಾಗಿದೆ, ಕಣ್ಣಲ್ಲಿ ನೀರೂ ಬರುತ್ತದೆ. ಆದರೆ ಎಷ್ಟು ಅಲುಗಾಡಿಸಿದರೂ ಈ ಮಹಾರಾಯ ಏಳುತ್ತಿಲ್ಲ.

ಮುಕ್ತಾಯ ಎರಡು: ಹುಡುಗಿ ವರ್ಷಗಟ್ಟಲೆ "ನೀವು" ಎನ್ನುತ್ತಲೇ ಇರುತ್ತಾಳೆ. ಯಾವತ್ತೋ ಒಂದು ದಿನ ಇವಳಿಗೆ ಅದರಲ್ಲೇ ಸಲಿಗೆ ಕೇಳಿಸುತ್ತದೆ. ಇದೂ ಆಗಬಹುದು. ಆದರೆ ಅಲ್ಲಿಯವರೆಗೆ ಇವಳನ್ನು ಕಾಯಿಸಲು ನನಗೆ ಮನಸ್ಸು ಬಾರದು.

ಮೂರನೆಯದನ್ನು ನಾನು ಬರೆಯುತ್ತಿಲ್ಲ. ಅದು ಈಗ ನಡೆಯುತ್ತಿದೆ. ಹುಡುಗಿ ಬಾಲ್ಕನಿಯಲ್ಲಿ ತಟ್ಟೆ ಹಿಡಿದು ಕೂತು ತಿನ್ನುತ್ತಿದ್ದಾಳೆ. ಇವಳು ಸಿಂಕಿನ ಮುಂದೆ ಕೇಕ್ ಟಿನ್ ತಿಕ್ಕುತ್ತಿದ್ದಾಳೆ. ತಟ್ಟೆ ಖಾಲಿಯಾಗುತ್ತದೆ, ಹುಡುಗಿ ಅಲ್ಲಿಂದಲೇ ಕೂಗುತ್ತಾಳೆ. ಇವಳು ಥಟ್ಟನೆ ನಲ್ಲಿ ನಿಲ್ಲಿಸುತ್ತಾಳೆ.

ನಮ್ಮ ಭಾಷೆಯ ಕಾಟ ನೋಡಿ. ಕೊಡು ಎಂದೋ ಕೊಡಿ ಎಂದೋ ತಿಳಿಯಬೇಕಾದರೆ ವಾಕ್ಯದ ಕೊನೆಯವರೆಗೂ ಕಾಯಬೇಕು. ಕೈತುಂಬ ಸೋಪಿನ ನೊರೆ ಮಾಡಿಕೊಂಡು ಇವಳು ಕಾಯುತ್ತಿದ್ದಾಳೆ. ಏನೂ ತುರುಕುವುದಿಲ್ಲವೆಂದು ಒಪ್ಪಿಕೊಂಡಿರುವ ನಾನೂ ಕಾಯುತ್ತಿದ್ದೇನೆ. ದಯವಿಟ್ಟು ನೀವೂ ಸ್ವಲ್ಪ ಸದ್ದು ಮಾಡದೆ ಇರಿ.

"ನಂಗೆ ಇನ್ನೊಂದು ತುಂಡು